ವಿತರಿತ ಕಡತ ವ್ಯವಸ್ಥೆಗಳಲ್ಲಿ ಅಳಿಸಿದ ಕಡತಗಳ ಉಳಿಕೆ ಅವಧಿ

ಅಳಿಸಿದ ಕಡತಗಳ ಉಳಿಕೆ ಅವಧಿ ಎಂದರೆ, ಬಳಕೆದಾರರು ಒಂದು ಕಡತವನ್ನು ಅಳಿಸಿದ ಗಳಿಗೆಗೂ ಅದರ ದತ್ತಾಂಶವು ಡಿಸ್ಕುಗಳಿಂದ ತೆರವಾಗುವ ಗಳಿಗೆಗೂ ನಡುವೆ ಬೇಕೆಂದೇ ಬಿಟ್ಟಿರುವ ಕಾಲಾವಕಾಶ. ಹಲವು ಸರ್ವರುಗಳ ಡಿಸ್ಕುಗಳನ್ನು ಕೂಡಿಸಿ ಒಂದೇ ಕಡತ ವ್ಯವಸ್ಥೆಯಂತೆ ತೋರಿಸುವ ಹಡೂಪ್‌ನ ಎಚ್‌ಡಿಎಫ್‌ಎಸ್, ಗ್ಲಸ್ಟರ್‌ಎಫ್‌ಎಸ್, ಮೂಸ್‌ಎಫ್‌ಎಸ್ ಮೊದಲಾದ ವಿತರಿತ ಕಡತ ವ್ಯವಸ್ಥೆಗಳಲ್ಲಿ ಈ ಅವಧಿಯನ್ನು ವ್ಯವಸ್ಥೆಯ ನಿರ್ವಾಹಕರು ನಿಗದಿಪಡಿಸುತ್ತಾರೆ. ಅವಧಿ ಮುಗಿಯುವವರೆಗೆ ಕಡತವು ಕಸದಬುಟ್ಟಿಯಲ್ಲಿ ಇರುತ್ತದೆ. ಅಲ್ಲಿಂದ ಅದನ್ನು ಮರಳಿ ಪಡೆಯಬಹುದು. ಮುಗಿದ ಮೇಲೆ ಅದರ ತುಣುಕುಗಳು ಎಲ್ಲ ಸರ್ವರುಗಳಿಂದ ತೆಗೆದುಹಾಕಲ್ಪಡುತ್ತವೆ.

ಈ ಅವಧಿಯು ಇಬ್ಬರಿಗೆ ಕೊಟ್ಟ ಮಾತಿನಂತಿದೆ. ಕೈತಪ್ಪಿ ಅಳಿಸಿದವರಿಗೆ ‘ಇಷ್ಟು ಕಾಲ ನಿಮ್ಮ ಕಡತ ಸುರಕ್ಷಿತ’ ಎಂದೂ, ತಮ್ಮ ಮಾಹಿತಿ ಇನ್ನಿರಬಾರದೆಂದು ಬಯಸುವವರಿಗೆ ‘ಇಷ್ಟು ಕಾಲದ ನಂತರ ಅದು ಇರದು’ ಎಂದೂ ಅದು ಹೇಳುತ್ತದೆ. ಸಂರಚನಾ ಕಡತದಲ್ಲಿ ಬರೆದ ಒಂದು ಸಂಖ್ಯೆಯಿಂದ ಮಾತ್ರ ಈ ಎರಡೂ ಮಾತುಗಳು ಈಡೇರುವುದಿಲ್ಲ. ಅವಧಿಯನ್ನು ಯಾವಾಗಿನಿಂದ ಎಣಿಸಲಾಗುತ್ತದೆ, ಯಾವ ಅಳಿಸುವಿಕೆಗಳು ಕಸದಬುಟ್ಟಿಯನ್ನು ಬಳಸದೆ ಹೋಗುತ್ತವೆ, ಬೇರೆಲ್ಲಿ ಪ್ರತಿಗಳು ಉಳಿದಿವೆ ಎಂಬ ಮೂರು ಪ್ರಶ್ನೆಗಳ ಉತ್ತರ ವ್ಯವಸ್ಥೆಯಿಂದ ವ್ಯವಸ್ಥೆಗೆ ಬದಲಾಗುತ್ತದೆ.

ಅಳಿಸುವಿಕೆಯ ಕ್ರಮ

ವಿತರಿತ ಕಡತ ವ್ಯವಸ್ಥೆಯಲ್ಲಿ ಕಡತದ ಹೆಸರು, ಒಡೆತನ, ಅನುಮತಿ ಮೊದಲಾದ ವಿವರಗಳು ಒಂದು ಕಡೆಯೂ, ಕಡತದ ಒಳಗಿನ ದತ್ತಾಂಶವು ಹಲವು ತುಣುಕುಗಳಾಗಿ ಬೇರೆ ಬೇರೆ ಸರ್ವರುಗಳಲ್ಲಿಯೂ ಇರುವುದು ಸಾಮಾನ್ಯ. ಪ್ರತಿ ತುಣುಕಿಗೂ ಎರಡೋ ಮೂರೋ ಪ್ರತಿಗಳಿರುತ್ತವೆ. ಹೀಗಾಗಿ ‘ಅಳಿಸು’ ಎಂಬ ಆಜ್ಞೆಯನ್ನು ಒಂದೇ ಏಟಿಗೆ ಪೂರೈಸಲು ಹತ್ತಾರು ಯಂತ್ರಗಳು ಆ ಕ್ಷಣವೇ ಒಪ್ಪಿ ಕೆಲಸ ಮಾಡಬೇಕಾಗುತ್ತದೆ. ಅವುಗಳಲ್ಲಿ ಒಂದು ಕೆಟ್ಟು ನಿಂತಿದ್ದರೂ ಕೆಲಸ ಅರೆಬರೆಯಾಗುತ್ತದೆ.

ಈ ತೊಡಕಿಗೆ ಗೂಗಲ್ ಸಂಸ್ಥೆಯ ಎಂಜಿನಿಯರುಗಳಾದ ಸಂಜಯ್ ಘೆಮಾವತ್, ಹವರ್ಡ್ ಗೋಬಿಯಾಫ್ ಮತ್ತು ಶುನ್-ಟಾಕ್ ಲಿಯುಂಗ್ ಅವರು 2003ರಲ್ಲಿ ಪ್ರಕಟಿಸಿದ ‘ಗೂಗಲ್ ಕಡತ ವ್ಯವಸ್ಥೆ’ಯ ಪ್ರಬಂಧದಲ್ಲಿ ಒಂದು ಸರಳ ಉಪಾಯವಿದೆ. ಅಳಿಸಲು ಹೇಳಿದ ಕಡತವನ್ನು ಅಳಿಸದೆ, ಅಳಿಸಿದ ಸಮಯವನ್ನು ಒಳಗೊಂಡ ಒಂದು ಗುಪ್ತ ಹೆಸರನ್ನು ಅದಕ್ಕೆ ಇಡಲಾಗುತ್ತದೆ. ಮುಖ್ಯ ಸರ್ವರು ಆಗಾಗ ಹೆಸರುಗಳ ಪಟ್ಟಿಯನ್ನು ಪರಿಶೀಲಿಸುತ್ತ, 3 ದಿನಕ್ಕಿಂತ ಹಳೆಯದಾದ ಗುಪ್ತ ಕಡತಗಳನ್ನು ಪಟ್ಟಿಯಿಂದ ತೆಗೆಯುತ್ತದೆ (ಈ 3 ದಿನಗಳನ್ನು ಬದಲಿಸಲು ಅವಕಾಶವಿತ್ತು). ಆ ಮೇಲೆ ಯಾವ ಕಡತಕ್ಕೂ ಸೇರದೆ ಉಳಿದ ತುಣುಕುಗಳನ್ನು ಆಯಾ ಸರ್ವರುಗಳು ತಮ್ಮ ಬಿಡುವಿನಲ್ಲಿ ತೆರವುಗೊಳಿಸುತ್ತವೆ. ಗುಪ್ತ ಹೆಸರಿನಲ್ಲಿ ಇರುವಷ್ಟು ಕಾಲ ಕಡತವನ್ನು ಓದಬಹುದು. ಹಳೆಯ ಹೆಸರನ್ನು ಮರಳಿ ಕೊಟ್ಟರೆ ಅದು ಬದುಕುತ್ತದೆ. ತೊಂದರೆಯನ್ನೂ ಪ್ರಬಂಧಕಾರರು ಮುಚ್ಚಿಟ್ಟಿಲ್ಲ: ಡಿಸ್ಕು ತುಂಬುತ್ತ ಬಂದಾಗ, ಅಳಿಸಿದರೂ ಜಾಗ ಸಿಗದಿರುವುದು ಬಳಕೆದಾರರಿಗೆ ಕಿರಿಕಿರಿ ಉಂಟುಮಾಡುತ್ತದೆ. ಅದಕ್ಕಾಗಿ, ಅಳಿಸಿದ ಕಡತವನ್ನು ಇನ್ನೊಮ್ಮೆ ಅಳಿಸಿದರೆ ಜಾಗ ಬೇಗ ತೆರವಾಗುವಂತೆ ಅವರು ವ್ಯವಸ್ಥೆ ಮಾಡಿದ್ದರು.

ಮುಂದೆ ಬಂದ ಬಹುತೇಕ ವ್ಯವಸ್ಥೆಗಳ ಕಸದಬುಟ್ಟಿಗಳಲ್ಲಿ ಈ ವಿಚಾರವೇ ಬೇರೆ ಬೇರೆ ರೂಪದಲ್ಲಿದೆ.

ಎಚ್‌ಡಿಎಫ್‌ಎಸ್‌ನ ಕಸದಬುಟ್ಟಿ

ಹಡೂಪ್ ಯೋಜನೆಯ ಎಚ್‌ಡಿಎಫ್‌ಎಸ್‌ನಲ್ಲಿ ಪ್ರತಿ ಬಳಕೆದಾರರ ಮನೆ-ಡೈರೆಕ್ಟರಿಯೊಳಗೆ ‘.ಟ್ರ್ಯಾಶ್’ ಎಂಬ ಡೈರೆಕ್ಟರಿ ಇರುತ್ತದೆ. ಆಜ್ಞಾ ಸಾಲಿನಿಂದ ಅಳಿಸಿದ ಕಡತವು ಅದರೊಳಗಿನ ‘ಕರೆಂಟ್’ ಎಂಬ ಉಪಡೈರೆಕ್ಟರಿಗೆ, ತನ್ನ ಮೂಲ ಮಾರ್ಗದ ಸಮೇತ ಹೋಗಿ ಸೇರುತ್ತದೆ. ಮರಳಿ ಪಡೆಯಲು ವಿಶೇಷ ಆಜ್ಞೆ ಬೇಡ, ಕಡತವನ್ನು ಸ್ಥಳಾಂತರಿಸಿದರೆ ಸಾಕು.

ಉಳಿಕೆ ಅವಧಿಯನ್ನು ‘ಎಫ್‌ಎಸ್.ಟ್ರ್ಯಾಶ್.ಇಂಟರ್ವಲ್’ ಎಂಬ ಗುಣಲಕ್ಷಣದಲ್ಲಿ ನಿಮಿಷಗಳ ಲೆಕ್ಕದಲ್ಲಿ ಬರೆಯಬೇಕು. ಒಂದು ದಿನಕ್ಕೆ 1,440. ಅಪಾಚೆ ಪ್ರತಿಷ್ಠಾನವು ಬಿಡುಗಡೆ ಮಾಡುವ ಹಡೂಪ್‌ನಲ್ಲಿ ಇದರ ಮೂಲ ಬೆಲೆ 0 ಎಂಬುದು ಗಮನಿಸಬೇಕಾದ ಸಂಗತಿ. ಸೊನ್ನೆ ಎಂದರೆ ಕಸದಬುಟ್ಟಿಯೇ ಇಲ್ಲ. ಅಳಿಸಿದ ಕಡತ ಆಗಲೇ ಹೋಯಿತು. ಎಚ್‌ಡಿಎಫ್‌ಎಸ್‌ನ ಆರಂಭದ ವಿನ್ಯಾಸ ದಾಖಲೆಗಳಲ್ಲಿ 6 ಗಂಟೆಯ ಅವಧಿಯ ಪ್ರಸ್ತಾಪವಿತ್ತು. ಕ್ಲೌಡೆರಾದಂತಹ ವಾಣಿಜ್ಯ ವಿತರಣೆಗಳನ್ನು ಬಳಸಿದವರು ಒಂದು ದಿನದ ಅವಧಿಗೆ ಒಗ್ಗಿಕೊಂಡಿರುವುದರಿಂದ, ಮೂಲ ಹಡೂಪ್‌ಗೆ ಬಂದಾಗ ಬುಟ್ಟಿ ಇದ್ದೇ ಇರುತ್ತದೆಂದು ಎಣಿಸಿ ಮೋಸಹೋಗುವುದುಂಟು. ಸರ್ವರಿನಲ್ಲಿ ಕಸದಬುಟ್ಟಿ ಸಕ್ರಿಯವಾಗಿದ್ದರೆ ಅಲ್ಲಿನ ಬೆಲೆಯೇ ಅಂತಿಮ. ಸರ್ವರಿನಲ್ಲಿ ಅದು ನಿಷ್ಕ್ರಿಯವಾಗಿದ್ದಾಗ ಮಾತ್ರ ಬಳಕೆದಾರರ ಯಂತ್ರದ ಸಂರಚನೆಯನ್ನು ನೋಡಲಾಗುತ್ತದೆ.

ಅವಧಿಯನ್ನು ಕಡತ ಕಡತಕ್ಕೂ ಬೇರೆಯಾಗಿ ಎಣಿಸುವುದಿಲ್ಲ. ‘ಚೆಕ್‌ಪಾಯಿಂಟ್’ ಎಂಬ ಕ್ರಮದಲ್ಲಿ, ನಿಗದಿತ ಸಮಯಕ್ಕೊಮ್ಮೆ ‘ಕರೆಂಟ್’ ಡೈರೆಕ್ಟರಿಗೆ ಆ ಗಳಿಗೆಯ ದಿನಾಂಕ-ಸಮಯವನ್ನೇ ಹೆಸರಾಗಿಟ್ಟು ಮುಚ್ಚಲಾಗುತ್ತದೆ. ಉಳಿಕೆ ಅವಧಿಗಿಂತ ಹಳೆಯದಾದ ಹೆಸರುಗಳನ್ನು ಅಳಿಸಲಾಗುತ್ತದೆ. ಆದ್ದರಿಂದ ಎಣಿಕೆ ಶುರುವಾಗುವುದು ಕಡತ ಅಳಿಸಿದ ಸಮಯದಿಂದಲ್ಲ, ಬುಟ್ಟಿ ಮುಚ್ಚಿದ ಸಮಯದಿಂದ. ಚೆಕ್‌ಪಾಯಿಂಟ್‌ನ ಅಂತರವನ್ನು ಬೇರೆಯಾಗಿ ಕೊಡದಿದ್ದರೆ ಅದು ಉಳಿಕೆ ಅವಧಿಯಷ್ಟೇ ಇರುತ್ತದೆ. ಅವಧಿ 1,440 ನಿಮಿಷ ಎಂದು ಬರೆದಿರುವ ವ್ಯವಸ್ಥೆಯಲ್ಲಿ, ಒಂದು ಚೆಕ್‌ಪಾಯಿಂಟ್ ಮುಗಿದ ಮರುನಿಮಿಷ ಅಳಿಸಿದ ಕಡತವು ಹೀಗೆ ಎರಡು ದಿನಗಳ ಹತ್ತಿರದವರೆಗೂ ಉಳಿಯಬಹುದು. ಕೈತಪ್ಪಿ ಅಳಿಸಿದವರಿಗೆ ಇದು ಲಾಭ. ‘24 ಗಂಟೆಯೊಳಗೆ ಅಳಿಸುತ್ತೇವೆ’ ಎಂದು ಬರೆದುಕೊಟ್ಟ ಸಂಸ್ಥೆಗೆ ಇದು ಮಾತು ತಪ್ಪಿದಂತೆ. ಚೆಕ್‌ಪಾಯಿಂಟ್‌ನ ಅಂತರವನ್ನು ಒಂದು ಗಂಟೆಗೆ ಇಳಿಸಿದರೆ ಈ ವ್ಯತ್ಯಾಸವೂ ಸುಮಾರು ಒಂದು ಗಂಟೆಗೆ ಇಳಿಯುತ್ತದೆ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಚ್‌ಡಿಎಫ್‌ಎಸ್‌ನ ಕಸದಬುಟ್ಟಿ ಆಜ್ಞಾ ಸಾಲಿನ ಉಪಕರಣದ ಒಂದು ಸೌಲಭ್ಯವೇ ಹೊರತು ಕಡತ ವ್ಯವಸ್ಥೆಯ ಒಳಗುಣವಲ್ಲ. ಜಾವಾ ಪ್ರೋಗ್ರಾಮೊಂದು ನೇರವಾಗಿ ಅಳಿಸುವ ಕ್ರಿಯೆಯನ್ನು ಕರೆದರೆ, ಅದು ಕಸದಬುಟ್ಟಿಯನ್ನು ತಾನಾಗಿ ಬಳಸುವಂತೆ ಬರೆದಿರದ ಹೊರತು, ಕಡತ ಬುಟ್ಟಿಗೆ ಹೋಗದೆ ನೇರವಾಗಿ ಇಲ್ಲವಾಗುತ್ತದೆ. ಆಜ್ಞಾ ಸಾಲಿನಲ್ಲಿಯೂ ‘ಸ್ಕಿಪ್‌ಟ್ರ್ಯಾಶ್’ ಎಂಬ ಆಯ್ಕೆ ಇದೆ. ದೊಡ್ಡ ಸಂಸ್ಥೆಗಳಲ್ಲಿ ಹೆಚ್ಚಿನ ಕಡತಗಳನ್ನು ಅಳಿಸುವುದು ಮನುಷ್ಯರಲ್ಲ, ಪ್ರೋಗ್ರಾಮುಗಳು. ಹಾಗಾಗಿ ಬುಟ್ಟಿ ಇದ್ದೂ ಅತಿ ದೊಡ್ಡ ಅಳಿಸುವಿಕೆಗಳು ಅದರ ಪಕ್ಕದಿಂದಲೇ ಹಾದುಹೋಗುತ್ತವೆ.

‘ಸ್ಕಿಪ್‌ಟ್ರ್ಯಾಶ್’ ಬಳಸುವ ಅಭ್ಯಾಸ ಬೆಳೆಯಲು ಒಂದು ಕಾರಣ ಜಾಗದ ಮಿತಿ. ಬಳಕೆದಾರರ ಡೈರೆಕ್ಟರಿಗೆ ಮಿತಿ ಹೇರಿದ್ದಾಗ, ಅದರೊಳಗೇ ಇರುವ ಕಸದಬುಟ್ಟಿಯೂ ಆ ಮಿತಿಗೆ ಸೇರುತ್ತದೆ. ಹಂಚಿಕೊಂಡ ಡೈರೆಕ್ಟರಿಯಲ್ಲಿದ್ದ ದೊಡ್ಡ ಕಡತವನ್ನು ಅಳಿಸಲು ಹೋದರೆ ಅದು ಬಳಕೆದಾರರ ಮನೆಗೆ ಸ್ಥಳಾಂತರವಾಗಬೇಕು. ಅಲ್ಲಿ ಜಾಗವಿಲ್ಲದಿದ್ದರೆ ಅಳಿಸುವ ಆಜ್ಞೆಯೇ ವಿಫಲವಾಗುತ್ತದೆ. ಆಗ ಉಳಿಯುವ ಹತ್ತಿರದ ದಾರಿ ‘ಸ್ಕಿಪ್‌ಟ್ರ್ಯಾಶ್’. ಒಮ್ಮೆ ಅನಿವಾರ್ಯವಾಗಿ ಬಳಸಿದ್ದು ಮುಂದೆ ಬೆರಳಿಗೆ ರೂಢಿಯಾಗುತ್ತದೆ. ಜಾಗದ ಮಿತಿಯನ್ನು ಅತಿ ಬಿಗಿಯಾಗಿ ಹೇರಿದ ನಿರ್ವಾಹಕರು ತಮಗೆ ತಿಳಿಯದೆಯೇ ಉಳಿಕೆ ಅವಧಿಯನ್ನು ಸೊನ್ನೆಗೆ ಇಳಿಸಿರುತ್ತಾರೆ.

ಅವಧಿ ಮುಗಿದ ಮೇಲೂ ಜಾಗ ಕೂಡಲೇ ಮರಳುವುದಿಲ್ಲ. ಹೆಸರುಗಳ ಲೆಕ್ಕವಿಡುವ ನೇಮ್‌ನೋಡ್, ಅಳಿಸಬೇಕಾದ ತುಣುಕುಗಳ ಪಟ್ಟಿಯನ್ನು ಡೇಟಾನೋಡ್‌ಗಳಿಗೆ ಸ್ವಲ್ಪ ಸ್ವಲ್ಪವಾಗಿ ತಿಳಿಸುತ್ತದೆ. ಆ ಡೈರೆಕ್ಟರಿಯ ಸ್ನ್ಯಾಪ್‌ಶಾಟ್ ಇದ್ದರಂತೂ, ಸ್ನ್ಯಾಪ್‌ಶಾಟನ್ನು ಅಳಿಸುವವರೆಗೆ ತುಣುಕುಗಳು ಹಾಗೆಯೇ ಇರುತ್ತವೆ.

ಗ್ಲಸ್ಟರ್‌ಎಫ್‌ಎಸ್: ಅವಧಿ ಇಲ್ಲದ ಬುಟ್ಟಿ

ಗ್ಲಸ್ಟರ್‌ಎಫ್‌ಎಸ್ ಕರ್ನಾಟಕದ ನಂಟಿರುವ ವಿತರಿತ ಕಡತ ವ್ಯವಸ್ಥೆ. ಇದನ್ನು ರೂಪಿಸಿದ ಗ್ಲಸ್ಟರ್ ಸಂಸ್ಥೆಯ ಮುಖ್ಯ ಕಚೇರಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿಯೂ, ಎಂಜಿನಿಯರಿಂಗ್ ಕೇಂದ್ರ ಬೆಂಗಳೂರಿನಲ್ಲಿಯೂ ಇತ್ತು. 2011ರ ಅಕ್ಟೋಬರಿನಲ್ಲಿ ರೆಡ್ ಹ್ಯಾಟ್ ಸಂಸ್ಥೆ ಇದನ್ನು 13.6 ಕೋಟಿ ಡಾಲರಿಗೆ ಕೊಂಡಿತು.

ಗ್ಲಸ್ಟರ್‌ನಲ್ಲಿ ಹೆಸರುಗಳ ಲೆಕ್ಕವಿಡುವ ಪ್ರತ್ಯೇಕ ಮುಖ್ಯ ಸರ್ವರು ಇಲ್ಲ. ಕಡತದ ಹೆಸರಿನಿಂದ ಗಣಿಸಿದ ಸಂಖ್ಯೆಯೇ ಅದು ಯಾವ ‘ಬ್ರಿಕ್’ನಲ್ಲಿ, ಅಂದರೆ ಯಾವ ಸರ್ವರಿನ ಯಾವ ಶೇಖರಣಾ ಡೈರೆಕ್ಟರಿಯಲ್ಲಿ, ಇರಬೇಕೆಂದು ಹೇಳುತ್ತದೆ. ಒಂದೊಂದು ಸೌಲಭ್ಯವನ್ನೂ ‘ಟ್ರಾನ್ಸ್‌ಲೇಟರ್’ ಎಂಬ ಪದರವಾಗಿ ಸೇರಿಸುವುದು ಇದರ ವಿನ್ಯಾಸದ ವೈಶಿಷ್ಟ್ಯ. ಕಸದಬುಟ್ಟಿಯೂ ಅಂತಹ ಒಂದು ಪದರ. 2015ರಲ್ಲಿ ಹೊರಬಂದ 3.7ನೇ ಆವೃತ್ತಿಯಿಂದ ಬಳಕೆಗೆ ದೊರೆತಿದೆ. ಅದನ್ನು ಸಕ್ರಿಯಗೊಳಿಸಿದರೆ ವಾಲ್ಯೂಮಿನ ಮೂಲದಲ್ಲಿ ‘.ಟ್ರ್ಯಾಶ್‌ಕ್ಯಾನ್’ ಎಂಬ ಡೈರೆಕ್ಟರಿ ಕಾಣಿಸಿಕೊಳ್ಳುತ್ತದೆ. ಅಳಿಸಿದ ಕಡತಗಳು ಅಲ್ಲಿಗೆ ಹೋಗುತ್ತವೆ. ಹೆಸರಿನ ಕೊನೆಗೆ ಅಳಿಸಿದ ದಿನಾಂಕ ಮತ್ತು ಸಮಯ ಸೇರಿಕೊಳ್ಳುತ್ತವೆ. ಕಡತವನ್ನು ಪೂರ್ತಿ ಅಳಿಸದೆ ಒಳಗಿನ ದತ್ತಾಂಶವನ್ನು ಮೊಟಕುಗೊಳಿಸಿದಾಗಲೂ ಹಿಂದಿನ ರೂಪವು ಬುಟ್ಟಿಗೆ ಸೇರುತ್ತದೆ.

ಈ ಪದರವು ಬ್ರಿಕ್‌ನ ಪಕ್ಕದಲ್ಲಿ, ಅಂದರೆ ಸರ್ವರಿನಲ್ಲಿಯೇ ಕೆಲಸ ಮಾಡುತ್ತದೆ. ಕಡತವನ್ನು ಅಳಿಸಿದ್ದು ಆಜ್ಞಾ ಸಾಲಿನಿಂದಲೋ, ಪ್ರೋಗ್ರಾಮಿನಿಂದಲೋ, ವಿಂಡೋಸ್ ಯಂತ್ರದಿಂದಲೋ ಎಂಬುದು ಅದಕ್ಕೆ ಮುಖ್ಯವಲ್ಲ; ಎಲ್ಲವೂ ಬುಟ್ಟಿಯ ಮೂಲಕವೇ ಹೋಗಬೇಕು. ಎಚ್‌ಡಿಎಫ್‌ಎಸ್‌ನ ದೊಡ್ಡ ರಂಧ್ರ ಇಲ್ಲಿಲ್ಲ. ಆದರೆ ಇಲ್ಲಿ ಬೇರೆ ರಂಧ್ರಗಳಿವೆ. ಬುಟ್ಟಿಗೆ ಸೇರಬಹುದಾದ ಕಡತದ ಗರಿಷ್ಠ ಗಾತ್ರದ ಮೂಲ ಬೆಲೆ 5 ಮೆಗಾಬೈಟ್ ಮಾತ್ರ. ಅದಕ್ಕಿಂತ ದೊಡ್ಡ ಕಡತಗಳು ನೇರವಾಗಿ ಅಳಿದುಹೋಗುತ್ತವೆ. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೇ ಆ ಗಾತ್ರ ಮೀರುವುದುಂಟು. ಈ ಬೆಲೆಯನ್ನು ಏರಿಸದೆ ಕಸದಬುಟ್ಟಿಯನ್ನು ನೆಚ್ಚಿಕೊಳ್ಳುವುದು ಜರಡಿಯಲ್ಲಿ ನೀರು ಹಿಡಿದಂತೆಯೇ ಸರಿ.

ಇನ್ನೊಂದು ಕೊರತೆ ನೇರವಾಗಿ ಈ ಲೇಖನದ ವಿಷಯಕ್ಕೇ ಸೇರಿದ್ದು. ಗ್ಲಸ್ಟರ್‌ನ ಬುಟ್ಟಿಗೆ ಉಳಿಕೆ ಅವಧಿ ಎಂಬುದೇ ಇಲ್ಲ. ಯಾರಾದರೂ ತೆಗೆಯುವವರೆಗೆ ಕಡತಗಳು ಅಲ್ಲಿಯೇ ಇದ್ದು ವಾಲ್ಯೂಮಿನ ಜಾಗವನ್ನು ತಿನ್ನುತ್ತವೆ. ಆದ್ದರಿಂದ ನಿರ್ವಾಹಕರು ಕ್ರಾನ್ ಮೂಲಕ ದಿನಕ್ಕೊಮ್ಮೆ ಓಡುವ ಒಂದು ಸಣ್ಣ ಸ್ಕ್ರಿಪ್ಟ್ ಬರೆದುಕೊಳ್ಳುತ್ತಾರೆ. ಹೀಗೆ ಬರೆಯುವಾಗ ಕಡತದ ‘ಕೊನೆಯ ಮಾರ್ಪಾಡಿನ ಸಮಯ’ವನ್ನು ನೋಡಿ ಹಳತು-ಹೊಸತು ನಿರ್ಧರಿಸುವುದು ತಪ್ಪು. ಕಡತವನ್ನು ಬುಟ್ಟಿಗೆ ಸರಿಸಿದಾಗ ಆ ಸಮಯ ಬದಲಾಗುವುದಿಲ್ಲ. ಮೂರು ವರ್ಷ ಹಿಂದೆ ಬರೆದು ನಿನ್ನೆ ಅಳಿಸಿದ ಕಡತವು ಅಂತಹ ಸ್ಕ್ರಿಪ್ಟಿನ ಕಣ್ಣಿಗೆ ಮೂರು ವರ್ಷ ಹಳೆಯ ಕಸ; ಅದು ಇಂದೇ ಹೋಗುತ್ತದೆ. ಹೆಸರಿನ ಕೊನೆಗೆ ಸೇರಿರುವ ಅಳಿಸಿದ ದಿನಾಂಕವನ್ನೇ ಓದುವುದು ಸರಿಯಾದ ಕ್ರಮ.

ಮೂಸ್‌ಎಫ್‌ಎಸ್: ಕಡತಕ್ಕೊಂದು ಅವಧಿ

ಪೋಲೆಂಡಿನಲ್ಲಿ ಹುಟ್ಟಿ 2008ರಲ್ಲಿ ಮುಕ್ತ ತಂತ್ರಾಂಶವಾಗಿ ಹೊರಬಂದ ಮೂಸ್‌ಎಫ್‌ಎಸ್‌ನಲ್ಲಿ ಉಳಿಕೆ ಅವಧಿಯು ಇಡೀ ವ್ಯವಸ್ಥೆಗೆ ಒಂದೇ ಅಲ್ಲ. ಒಡೆತನ, ಅನುಮತಿಗಳಂತೆ ಅದೂ ಪ್ರತಿ ಕಡತ ಮತ್ತು ಡೈರೆಕ್ಟರಿಯ ಒಂದು ಗುಣ. ಮೂಲ ಬೆಲೆ 86,400 ಸೆಕೆಂಡು, ಅಂದರೆ ಒಂದು ದಿನ. ಅವಧಿಯನ್ನು ಓದಲು ಒಂದು, ಬದಲಿಸಲು ಇನ್ನೊಂದು ಆಜ್ಞೆ ಇದೆ. ಡೈರೆಕ್ಟರಿಯ ಒಳಗಿರುವ ಎಲ್ಲದಕ್ಕೂ ಒಮ್ಮೆಲೇ ಅನ್ವಯಿಸುವ ಆಯ್ಕೆಯೂ ಇದೆ. ಸೊನ್ನೆ ಕೊಟ್ಟರೆ ಕಡತ ಬುಟ್ಟಿಗೆ ಹೋಗದೆ ಕೂಡಲೇ ಅಳಿಯುತ್ತದೆ.

ಇದರ ಉಪಯೋಗವನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡಬಹುದು. ರಾಯಚೂರು ಜಿಲ್ಲೆಯ ದೇವದುರ್ಗ ತಾಲ್ಲೂಕಿನ ಗಬ್ಬೂರು ಹಳೆಯ ದೇವಾಲಯಗಳಿಗೆ ಹೆಸರಾದ ಊರು. ಅಲ್ಲಿನ ಗುಡಿಗಳನ್ನೂ ಶಾಸನಗಳನ್ನೂ ಚಿತ್ರೀಕರಿಸಿ ಒಂದು ಸಂಗ್ರಹಾಲಯವು ಮೂಸ್‌ಎಫ್‌ಎಸ್‌ನಲ್ಲಿ ಇಟ್ಟಿದೆ ಎಂದುಕೊಳ್ಳೋಣ. ‘ರಾಯಚೂರು/ದೇವದುರ್ಗ/ಗಬ್ಬೂರು’ ಎಂಬ ಡೈರೆಕ್ಟರಿಯೊಳಗೆ ಮೂಲಚಿತ್ರಗಳು, ಅವುಗಳಿಂದ ತಯಾರಿಸಿದ ಕಿರುಚಿತ್ರಗಳು ಮತ್ತು ಸಂಸ್ಕರಣೆಯ ತಾತ್ಕಾಲಿಕ ಕಡತಗಳು ಬೇರೆ ಬೇರೆಯಾಗಿ ಇವೆ. ಸವೆಯುತ್ತಿರುವ ಅಕ್ಷರಗಳನ್ನು ಇಳಿಬಿಸಿಲಿನ ಓರೆಬೆಳಕಿನಲ್ಲಿ ಹಿಡಿದ ಮೂಲಚಿತ್ರ ಹೋದರೆ, ಇನ್ನೊಮ್ಮೆ ಹೋಗಿ ತೆಗೆದರೂ ಅದೇ ಚಿತ್ರ ಸಿಗದು. ಅದಕ್ಕೆ 30 ದಿನ, ಅಂದರೆ 25,92,000 ಸೆಕೆಂಡು ಕೊಡುವುದು ಯುಕ್ತ. ಕಿರುಚಿತ್ರಗಳನ್ನು ಮೂಲದಿಂದ ಯಾವಾಗ ಬೇಕಾದರೂ ಮತ್ತೆ ತಯಾರಿಸಬಹುದಾದ್ದರಿಂದ ಒಂದು ದಿನ ಸಾಕು. ತಾತ್ಕಾಲಿಕ ಕಡತಗಳಿಗೆ ಸೊನ್ನೆ.

ಇಲ್ಲಿ ಎಡವುವುದಕ್ಕೂ ಒಂದು ಕಲ್ಲು ಇದೆ. ಹೊಸ ಕಡತವು ತಾನು ಹುಟ್ಟಿದ ಡೈರೆಕ್ಟರಿಯಿಂದ ಅವಧಿಯನ್ನು ಪಡೆಯುತ್ತದೆ. ಆಮೇಲೆ ಬೇರೆ ಡೈರೆಕ್ಟರಿಗೆ ಸರಿಸಿದರೂ ಆ ಅವಧಿ ಅದರೊಂದಿಗೇ ಹೋಗುತ್ತದೆ. ಕ್ಯಾಮೆರಾದಿಂದ ಬಂದ ಚಿತ್ರಗಳನ್ನು ಮೊದಲು ತಾತ್ಕಾಲಿಕ ಡೈರೆಕ್ಟರಿಗೆ ಇಳಿಸಿ, ಹೆಸರಿಟ್ಟು, ಆಮೇಲೆ ಮೂಲಚಿತ್ರಗಳ ಡೈರೆಕ್ಟರಿಗೆ ಸರಿಸುವುದು ಎಲ್ಲರೂ ಅನುಸರಿಸುವ ಪದ್ಧತಿ. ಹಾಗೆ ಬಂದ ಚಿತ್ರಗಳು 30 ದಿನಗಳ ಡೈರೆಕ್ಟರಿಯಲ್ಲಿ ಕುಳಿತಿದ್ದರೂ ಅವುಗಳ ಅವಧಿ ಸೊನ್ನೆಯೇ. ಸರಿಸಿದ ನಂತರ ಅವಧಿಯನ್ನು ಮತ್ತೆ ಹೊಂದಿಸುವ ಆಜ್ಞೆಯನ್ನು ಕೆಲಸದ ಕ್ರಮದಲ್ಲಿಯೇ ಸೇರಿಸಬೇಕಾಗುತ್ತದೆ.

ಮೂಸ್‌ಎಫ್‌ಎಸ್‌ನ ಬುಟ್ಟಿ ಸಾಮಾನ್ಯ ಬಳಕೆದಾರರಿಗೆ ಕಾಣುವುದಿಲ್ಲ. ನಿರ್ವಾಹಕರು ‘ಮೆಟಾ’ ಎಂಬ ವಿಶೇಷ ರೂಪದಲ್ಲಿ ಕಡತ ವ್ಯವಸ್ಥೆಯನ್ನು ಜೋಡಿಸಿ, ಬೇಕಾದ ಕಡತವನ್ನು ‘ಅನ್‌ಡೆಲ್’ ಎಂಬ ಡೈರೆಕ್ಟರಿಗೆ ಸರಿಸಿದರೆ ಅದು ತನ್ನ ಮೂಲ ಸ್ಥಳಕ್ಕೆ ಮರಳುತ್ತದೆ.

ಇತ್ತೀಚಿನ ಜ್ಯೂಸ್‌ಎಫ್‌ಎಸ್‌ನಲ್ಲಿ ಅವಧಿಯನ್ನು ದಿನಗಳಲ್ಲಿ ಕೊಡಲಾಗುತ್ತದೆ. ಮೂಲ ಬೆಲೆ ಒಂದು ದಿನ. ಸೆಫ್‌ಎಫ್‌ಎಸ್‌ನಲ್ಲಿ ಕಸದಬುಟ್ಟಿ ಇಲ್ಲ. ಅಲ್ಲಿ ಸ್ನ್ಯಾಪ್‌ಶಾಟುಗಳನ್ನೇ ಆಧರಿಸಬೇಕು.

ಅವಧಿಯ ಆಯ್ಕೆ

ಅವಧಿಯನ್ನು ನಿರ್ಧರಿಸುವಾಗ ಮೊದಲು ಅಡ್ಡಬರುವುದು ಜಾಗ. ದಿನಕ್ಕೆ ಅಳಿಸುವ ದತ್ತಾಂಶ, ಅವಧಿಯ ದಿನಗಳು ಮತ್ತು ಪ್ರತಿಗಳ ಸಂಖ್ಯೆ ಇವುಗಳ ಗುಣಲಬ್ಧವೇ ಬುಟ್ಟಿಗೆ ಬೇಕಾಗುವ ಜಾಗ. ದಿನಕ್ಕೆ 2 ಟೆರಾಬೈಟ್ ಅಳಿಸುವ, ಮೂರು ಪ್ರತಿಗಳನ್ನಿಡುವ ವ್ಯವಸ್ಥೆಗೆ ಒಂದು ದಿನದ ಅವಧಿಗೆ 6 ಟೆರಾಬೈಟ್, 7 ದಿನಕ್ಕೆ 42 ಟೆರಾಬೈಟ್, 30 ದಿನಕ್ಕೆ 180 ಟೆರಾಬೈಟ್ ಬೇಕು. ಪ್ರತಿಗಳ ಬದಲು ಆರಕ್ಕೆ ಮೂರರಂತೆ ಪೂರಕ ತುಣುಕುಗಳನ್ನು ಸೇರಿಸುವ ಇರೇಷರ್ ಕೋಡಿಂಗ್ ಬಳಸಿದರೆ ಒಂದೂವರೆ ಪಟ್ಟು ಮಾತ್ರ. 7 ದಿನಕ್ಕೆ 21 ಟೆರಾಬೈಟ್ ಸಾಕಾಗುತ್ತದೆ. ಅಳಿಸುವ ಪ್ರಮಾಣ ದಿನದಿಂದ ದಿನಕ್ಕೆ ಏರುಪೇರಾಗುವುದರಿಂದ ಸರಾಸರಿಗಿಂತ ಗರಿಷ್ಠ ಪ್ರಮಾಣವನ್ನು ಲೆಕ್ಕಕ್ಕೆ ಹಿಡಿಯುವುದು ಒಳ್ಳೆಯದು.

ಇನ್ನೊಂದು ಅಳತೆಗೋಲು, ತಪ್ಪು ಬೆಳಕಿಗೆ ಬರಲು ಹಿಡಿಯುವ ಕಾಲ. ಅನೇಕ ವ್ಯವಸ್ಥೆಗಳ ಮೂಲ ಬೆಲೆಯಾದ 24 ಗಂಟೆ ಈ ದೃಷ್ಟಿಯಿಂದ ತೀರ ಕಡಿಮೆ. ಕರ್ನಾಟಕ ಸರ್ಕಾರದ ಕಚೇರಿಗಳಿಗೆ ಎರಡನೆಯ ಮತ್ತು ನಾಲ್ಕನೆಯ ಶನಿವಾರ ರಜೆ. ಅಂತಹ ವಾರದ ಶುಕ್ರವಾರ ಸಂಜೆ ಕೈತಪ್ಪಿ ಅಳಿಸಿದ ಕಡತವು ಇಲ್ಲವೆಂದು ತಿಳಿಯುವುದು ಸೋಮವಾರ ಬೆಳಿಗ್ಗೆ, ಅರವತ್ತು ಗಂಟೆಗಳ ನಂತರ. ದೀಪಾವಳಿಯ ರಜೆ ಕೂಡಿಕೊಂಡರೆ ಇನ್ನೂ ತಡ. ತಿಂಗಳಿಗೊಮ್ಮೆ ಮಾತ್ರ ತೆರೆಯುವ ವರದಿಗಳಿದ್ದರೆ 7 ದಿನವೂ ಸಾಲದು. ಮನುಷ್ಯರು ಕೈಯಿಂದ ನಿರ್ವಹಿಸುವ ದತ್ತಾಂಶಕ್ಕೆ ವಾರಕ್ಕಿಂತ ಕಡಿಮೆ ಅವಧಿಯನ್ನು ಸಮರ್ಥಿಸುವುದು ಕಷ್ಟ. ಜಾಗದ ಕೊರತೆಯಿಂದ ಅವಧಿಯನ್ನು ಇಳಿಸಲೇಬೇಕಾದರೆ, ಎಲ್ಲದಕ್ಕೂ ಇಳಿಸುವ ಬದಲು ಮತ್ತೆ ಸೃಷ್ಟಿಸಬಹುದಾದ ಕಡತಗಳಿಗೆ ಮಾತ್ರ ಇಳಿಸುವುದು ಮೇಲು.

ಎಷ್ಟೇ ದೀರ್ಘ ಅವಧಿ ಇದ್ದರೂ ಕಸದಬುಟ್ಟಿ ಬ್ಯಾಕಪ್ ಆಗದು. ಕಡತವನ್ನು ಅಳಿಸದೆ ಒಳಗಿನ ದತ್ತಾಂಶವನ್ನು ತಪ್ಪಾಗಿ ಬರೆದು ಕೆಡಿಸಿದರೆ ಅನೇಕ ವ್ಯವಸ್ಥೆಗಳ ಬುಟ್ಟಿ ನೆರವಿಗೆ ಬಾರದು. ಮುಖ್ಯ ಸರ್ವರಿನ ಮೆಟಾಡೇಟಾ ನಾಶವಾದರೆ ಮೂಲ ಕಡತಗಳ ಜೊತೆಗೆ ಬುಟ್ಟಿಯೂ ಹೋಗುತ್ತದೆ.

ಯೋಜಿತ ಅಳಿಸುವಿಕೆ ಮತ್ತು ಅಪಾಚೆ ಫಾಲ್ಕನ್

ಬಳಕೆದಾರರು ಅಳಿಸಿದ ಕಡತವನ್ನು ಎಷ್ಟು ಕಾಲ ಇಟ್ಟುಕೊಳ್ಳಬೇಕೆಂಬುದು ಒಂದು ಪ್ರಶ್ನೆ. ಯಾರೂ ಅಳಿಸದ ಹಳೆಯ ಕಡತಗಳನ್ನು ಯಾವಾಗ ಅಳಿಸಬೇಕೆಂಬುದು ಅದರ ಬೆನ್ನಿಗೇ ಬರುವ ಇನ್ನೊಂದು ಪ್ರಶ್ನೆ. ಗಂಟೆಗೊಂದು ಡೈರೆಕ್ಟರಿಯಂತೆ ಬೆಳೆಯುವ ದಾಖಲೆಗಳನ್ನು ಕೈಯಿಂದ ತೆಗೆಯಲಾಗದು.

ಇದಕ್ಕೆ ಒಂದು ಪರಿಹಾರ ರೂಪುಗೊಂಡದ್ದು ಬೆಂಗಳೂರಿನ ಮೊಬೈಲ್ ಜಾಹೀರಾತು ಸಂಸ್ಥೆ ಇನ್‌ಮೊಬಿಯಲ್ಲಿ. ಅಲ್ಲಿ ಹುಟ್ಟಿದ ಫಾಲ್ಕನ್ ತಂತ್ರಾಂಶವು 2013ರಲ್ಲಿ ಅಪಾಚೆ ಪ್ರತಿಷ್ಠಾನದ ಪೋಷಣೆಗೆ ಸೇರಿ, ಮುಂದೆ ಅದರ ಪೂರ್ಣ ಪ್ರಮಾಣದ ಯೋಜನೆಯಾಯಿತು, 2019ರಲ್ಲಿ ನಿವೃತ್ತವಾಯಿತು. ಫಾಲ್ಕನ್‌ನಲ್ಲಿ ದತ್ತಾಂಶದ ಪ್ರತಿ ಹರಿವಿಗೂ ಒಂದು ವಿವರಣಾ ಕಡತ ಬರೆಯಬೇಕು. ‘90 ದಿನ ಇಡು, ಆಮೇಲೆ ಅಳಿಸು’ ಎಂಬ ನಿಯಮ ಅದರಲ್ಲಿಯೇ ಇರುತ್ತದೆ. ಒಂದೇ ದತ್ತಾಂಶಕ್ಕೆ ಒಂದು ಕ್ಲಸ್ಟರಿನಲ್ಲಿ ಕೆಲವು ದಿನ, ಅದರ ಪ್ರತಿ ಇರುವ ಇನ್ನೊಂದು ಕ್ಲಸ್ಟರಿನಲ್ಲಿ ಹಲವು ತಿಂಗಳು ಎಂದು ಬೇರೆ ಬೇರೆ ಅವಧಿ ಕೊಡಬಹುದಿತ್ತು. ಯಾವುದು ಹಳೆಯದೆಂಬುದನ್ನು ಕಡತದ ಮಾರ್ಪಾಡಿನ ಸಮಯದಿಂದಲ್ಲ, ಡೈರೆಕ್ಟರಿಯ ಹೆಸರಿನಲ್ಲಿರುವ ವರ್ಷ, ತಿಂಗಳು, ದಿನಗಳಿಂದ ತಿಳಿಯಲಾಗುತ್ತಿತ್ತು. ಗ್ಲಸ್ಟರ್‌ನ ಸ್ಕ್ರಿಪ್ಟುಗಳ ವಿಷಯದಲ್ಲಿ ಮೇಲೆ ಹೇಳಿದ ತಪ್ಪು ಹೀಗೆ ತಪ್ಪುತ್ತದೆ. ತಂತ್ರಾಂಶವು ಈಗ ಬಳಕೆಯಲ್ಲಿ ಹಿಂದೆ ಸರಿದಿದ್ದರೂ, ಉಳಿಕೆಯ ನಿಯಮವನ್ನು ಸ್ಕ್ರಿಪ್ಟುಗಳಲ್ಲಿ ಹುದುಗಿಸದೆ ಎಲ್ಲರೂ ಓದಬಹುದಾದ ಒಂದು ಘೋಷಣೆಯಾಗಿ ಬರೆದಿಡುವ ಅದರ ಕ್ರಮಕ್ಕೆ ಇಂದಿಗೂ ಬೆಲೆಯಿದೆ.

ಯೋಜಿತ ಅಳಿಸುವಿಕೆ ಹಾದಿ ತಪ್ಪಿದರೆ ಏನಾಗುತ್ತದೆಂಬುದಕ್ಕೆ ಜಪಾನಿನ ಕ್ಯೋಟೊ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್ ಕೇಂದ್ರದ ಘಟನೆ ಸಾಕ್ಷಿ. ಅಲ್ಲಿನ ಶೇಖರಣೆ ಲಸ್ಟರ್ ಎಂಬ ಸಮಾಂತರ ಕಡತ ವ್ಯವಸ್ಥೆಯದು. 10 ದಿನಕ್ಕಿಂತ ಹಳೆಯದಾದ ಲಾಗ್ ಕಡತಗಳನ್ನು ಅಳಿಸುವ ಸಾಲೊಂದು ಬ್ಯಾಕಪ್ ಸ್ಕ್ರಿಪ್ಟಿನೊಳಗೆ ಇತ್ತು. 2021ರ ಡಿಸೆಂಬರಿನಲ್ಲಿ, ಹಳೆಯ ಸ್ಕ್ರಿಪ್ಟ್ ಓಡುತ್ತಿರುವಾಗಲೇ ಅದರ ಮೇಲೆ ಹೊಸ ಆವೃತ್ತಿಯನ್ನು ಬರೆಯಲಾಯಿತು. ಬ್ಯಾಶ್ ತನ್ನ ಸ್ಕ್ರಿಪ್ಟನ್ನು ಒಟ್ಟಿಗೇ ಓದಿಕೊಳ್ಳದೆ ಓಡಿಸುತ್ತ ಓಡಿಸುತ್ತ ಓದುವುದರಿಂದ, ಹೊಸ ಸಾಲುಗಳು ಅರ್ಧದಿಂದ ಜಾರಿಗೆ ಬಂದವು. ಲಾಗ್ ಡೈರೆಕ್ಟರಿಯ ಹೆಸರು ಇರಬೇಕಾದ ಚರಾಂಶ ಖಾಲಿಯಾಗಿತ್ತು. ಲಾಗುಗಳ ಬದಲು ಸಂಶೋಧಕರ ಕಡತಗಳೇ ಅಳಿಯತೊಡಗಿದವು. ಡಿಸೆಂಬರ್ 14ರಿಂದ 16ರವರೆಗೆ ಸುಮಾರು 77 ಟೆರಾಬೈಟ್‌ನಷ್ಟು, ಸುಮಾರು 3.4 ಕೋಟಿ ಕಡತಗಳು ಹೋದವು. 14 ಸಂಶೋಧನಾ ತಂಡಗಳು ನಷ್ಟಕ್ಕೀಡಾದವು. ಅವುಗಳಲ್ಲಿ 4 ತಂಡಗಳ ದತ್ತಾಂಶವನ್ನು ಬ್ಯಾಕಪ್‌ನಿಂದಲೂ ಪಡೆಯಲಾಗಲಿಲ್ಲ. ವ್ಯವಸ್ಥೆಯನ್ನು ಒದಗಿಸಿದ ಹ್ಯೂಲೆಟ್ ಪ್ಯಾಕರ್ಡ್ ಎಂಟರ್‌ಪ್ರೈಸ್ ಸಂಸ್ಥೆ ಹೊಣೆಯನ್ನು ಒಪ್ಪಿಕೊಂಡಿತು. ಎರಡು ದಿನ ನಡೆದ ಆ ಅಳಿಸುವಿಕೆಯ ನಡುವೆ ವಾರದ ಅವಧಿಯ ಒಂದು ಕಸದಬುಟ್ಟಿ ಇದ್ದಿದ್ದರೆ, ನಷ್ಟವು ಕೆಲವು ಗಂಟೆಗಳ ಮರುಸ್ಥಾಪನೆಯ ಕೆಲಸಕ್ಕೆ ಇಳಿಯುತ್ತಿತ್ತು.

ಅಳಿಸಲೇಬೇಕಾದ ದತ್ತಾಂಶ

ಮೇಲಿನದೆಲ್ಲ ಉಳಿಸಿಕೊಳ್ಳುವ ಕಡೆಯ ಮಾತು. ಕಾನೂನು ಎರಡೂ ಕಡೆಗೆ ಎಳೆಯುತ್ತದೆ. ಸೈಬರ್ ಭದ್ರತೆಯ ಕೇಂದ್ರ ಸಂಸ್ಥೆ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಂತೆ ಸೇವಾದಾರರೂ ಕಂಪನಿಗಳೂ ತಮ್ಮ ಗಣಕ ವ್ಯವಸ್ಥೆಗಳ ಲಾಗುಗಳನ್ನು 180 ದಿನ ಇಟ್ಟುಕೊಳ್ಳಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಂತೆ, ವ್ಯಕ್ತಿ ಸಮ್ಮತಿ ಹಿಂತೆಗೆದುಕೊಂಡಾಗ ಅಥವಾ ಸಂಗ್ರಹಿಸಿದ ಉದ್ದೇಶ ತೀರಿದಾಗ, ಬೇರೆ ಕಾನೂನು ಇಡಬೇಕೆಂದು ಹೇಳದಿದ್ದರೆ, ಅವರ ದತ್ತಾಂಶವನ್ನು ಅಳಿಸಬೇಕು.

ಉಳಿಕೆ ಅವಧಿಯೇ ನ್ಯಾಯಾಲಯದ ಪ್ರಶ್ನೆಯಾದದ್ದು ಆಧಾರ್ ಪ್ರಕರಣದಲ್ಲಿ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಹೂಡಿದ ಅರ್ಜಿಯ ಮೇಲೆ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ರಂದು ತೀರ್ಪು ನೀಡಿತು. ಆಧಾರ್ ದೃಢೀಕರಣದ ದಾಖಲೆಗಳನ್ನು 5 ವರ್ಷ ಸಂಗ್ರಹದಲ್ಲಿ ಇಡಲು ಅವಕಾಶ ಕೊಟ್ಟಿದ್ದ 2016ರ ನಿಯಮವನ್ನು ರದ್ದುಪಡಿಸಿ, 6 ತಿಂಗಳಿಗಿಂತ ಹೆಚ್ಚು ಕಾಲ ಅವುಗಳನ್ನು ಇಡಕೂಡದೆಂದು ಹೇಳಿತು. ಯಾವ ಪಡಿತರ ಅಂಗಡಿಯಲ್ಲಿ, ಯಾವ ಬ್ಯಾಂಕಿನಲ್ಲಿ, ಯಾವ ದಿನ ಬೆರಳೊತ್ತಿದರು ಎಂಬ ದಾಖಲೆ ಐದು ವರ್ಷ ಕೂಡಿದರೆ ಅದು ಒಬ್ಬರ ಬದುಕಿನ ದಿನಚರಿಯೇ ಆಗುತ್ತದೆ.

ಇಂತಹ ಮಿತಿಯನ್ನು ಪಾಲಿಸಬೇಕಾದ ಯಾವುದೇ ಸಂಸ್ಥೆಯು ಕೊನೆಯ ದಿನದಂದು ‘ಅಳಿಸು’ ಎಂದರೆ ಸಾಲದು. ಬುಟ್ಟಿಯ ಅವಧಿ, ಚೆಕ್‌ಪಾಯಿಂಟ್‌ನ ಅಂತರ, ಸ್ನ್ಯಾಪ್‌ಶಾಟುಗಳ ಆಯಸ್ಸು, ಬೇರೆ ಕ್ಲಸ್ಟರಿನ ಪ್ರತಿ, ಬ್ಯಾಕಪ್ ಟೇಪುಗಳು ಇವೆಲ್ಲವನ್ನೂ ಹಿಂದಿನಿಂದ ಎಣಿಸಿ, ಅಷ್ಟು ಮುಂಚಿತವಾಗಿ ಅಳಿಸಲು ತೊಡಗಬೇಕು. 180 ದಿನಗಳ ಮಿತಿಯಿದ್ದು, ಬುಟ್ಟಿಯಲ್ಲಿ 7 ದಿನ ಮತ್ತು ಸ್ನ್ಯಾಪ್‌ಶಾಟಿನಲ್ಲಿ 30 ದಿನ ಉಳಿಯುವ ವ್ಯವಸ್ಥೆಯಲ್ಲಿ, ಬುಟ್ಟಿಯಿಂದ ಹೊರಬೀಳುವ ಮುನ್ನಾದಿನವೂ ಆ ಡೈರೆಕ್ಟರಿಯ ಸ್ನ್ಯಾಪ್‌ಶಾಟ್ ತೆಗೆಯಬಹುದಾದರೆ, 143ನೇ ದಿನವೇ ಆಜ್ಞೆ ಹೋಗಬೇಕು.

ತೆರವಾದ ತುಣುಕುಗಳ ಮೇಲೆ ಡಿಸ್ಕು ಹೊಸದನ್ನು ಬರೆಯುವವರೆಗೆ ಹಳೆಯ ಅಂಕೆಗಳು ಭೌತಿಕವಾಗಿ ಅಲ್ಲಿಯೇ ಇರುತ್ತವೆ. ಹತ್ತಾರು ಸರ್ವರುಗಳಲ್ಲಿ ಹಂಚಿಹೋದ ತುಣುಕುಗಳನ್ನು ಹುಡುಕಿ ಅಳಿಸಿಬರೆಯುವುದು ಕಾರ್ಯಸಾಧ್ಯವಲ್ಲ. ಆದ್ದರಿಂದ ಸೂಕ್ಷ್ಮ ದತ್ತಾಂಶವನ್ನು ಮೊದಲೇ ಗೂಢಲಿಪೀಕರಿಸಿ ಇಟ್ಟು, ಅವಧಿ ಮುಗಿದಾಗ ಅದರ ಕೀಲಿಯನ್ನು ನಾಶಪಡಿಸುವ ಪದ್ಧತಿ ಬಳಕೆಯಲ್ಲಿದೆ. ಕೀಲಿ ಹೋದರೆ ಬುಟ್ಟಿಯಲ್ಲಿರುವ ಪ್ರತಿ, ಸ್ನ್ಯಾಪ್‌ಶಾಟ್, ಟೇಪು ಎಲ್ಲವೂ ಒಟ್ಟಿಗೇ ಓದಲಾರದಂತಾಗುತ್ತವೆ. ಎಚ್‌ಡಿಎಫ್‌ಎಸ್‌ನಲ್ಲಿ ಇದಕ್ಕಾಗಿ ಗೂಢಲಿಪಿ ವಲಯಗಳಿವೆ. ವಲಯದ ಒಳಗಿನ ಕಡತವನ್ನು ಹೊರಗೆ ಸರಿಸಲು ಅವಕಾಶವಿಲ್ಲದ್ದರಿಂದ, ಮೊದಮೊದಲು ಅದನ್ನು ಬಳಕೆದಾರರ ಕಸದಬುಟ್ಟಿಗೆ ಕಳಿಸಲು ಆಗುತ್ತಿರಲಿಲ್ಲ. ‘ಸ್ಕಿಪ್‌ಟ್ರ್ಯಾಶ್’ ಬಳಸಿ ನೇರವಾಗಿ ಅಳಿಸಬೇಕಾಗುತ್ತಿತ್ತು. 2.8ನೇ ಆವೃತ್ತಿಯಿಂದ ಪ್ರತಿ ವಲಯದ ಒಳಗೇ ಅದರದೇ ಕಸದಬುಟ್ಟಿ ಇರುತ್ತದೆ.